ಚರಗದ ಬುತ್ತಿಯಲ್ಲಿ ಭೂಮಂಡಲ

ಮಾರ್ಗಶಿರ ಮಾಸದ ಕಡೆಯ ದಿನವಾದ ಎಳ್ಳ ಅಮಾವಾಸ್ಯೆಯಂದು ಜಮಖಂಡಿ ತಾಲ್ಲೂಕಿನ ತುಬಚಿಯ ಕಡೆ ಹೋದವರಿಗೆ, ಊರಿಗೆ ಊರೇ ಬುತ್ತಿಯ ಗಂಟು ಹೊತ್ತು ಹೊಲದ ಹಾದಿ ಹಿಡಿದಿರುವ ನೋಟ ಕಾಣಸಿಗುತ್ತದೆ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ತಂದ ಅಡುಗೆಯಲ್ಲಿ ಒಂದಿಷ್ಟನ್ನು ಬೆಳೆಯ ನಡುವೆ ಚರಗವಾಗಿ ಚೆಲ್ಲಿದ ಬಳಿಕವೇ ಮನೆಮಂದಿ ಉಣ್ಣಲು ಕೂಡುವುದು. ವನಭೋಜನವೆಂದಾಗಲಿ ಪಿಕ್‌ನಿಕ್ ಎಂದಾಗಲಿ ಅವರು ಇದನ್ನು ಕರೆಯುವುದಿಲ್ಲ. ಅವರ ಪಾಲಿಗೆ ಇದು ಫಲಭರಿತಳಾದ ಭೂತಾಯಿಗೆ ಸಲ್ಲುವ ಸೀಮಂತ.

ಪಟ್ಟಣ ಸೇರಿದ ನಮ್ಮ ಮಕ್ಕಳು ಈಗೀಗ ರಜೆಯ ವಿಹಾರಕ್ಕೆ ದೇಶಕ್ಕೊಂದರಂತೆ ತಿನಿಸುಗಳ ಪಟ್ಟಿ ಮಾಡುವುದನ್ನು ಕಂಡು ನನಗೆ ಸಂತೋಷವೇ ಆಗುತ್ತದೆ. ಆದರೆ ದೇಶಾಂತರದ ರುಚಿ ನಮ್ಮ ಬುತ್ತಿಗೆ ಹೊಸತೆಂಬ ಅವರ ಎಣಿಕೆಯನ್ನು ಮಾತ್ರ ಒಪ್ಪಲಾರೆ.

ಚರಗದ ಗಂಟನ್ನೇ ಬಿಚ್ಚಿ ನೋಡೋಣ. ಎಲ್ಲಕ್ಕಿಂತ ಮೇಲೆ ಸಜ್ಜಿ ರೊಟ್ಟಿ. ಬಿಸಿನೀರಿನಲ್ಲಿ ನಾದಿದ ಹಿಟ್ಟನ್ನು ಬಡಿದು, ಒದ್ದೆಗೈಯಿಂದ ಮೈದಡವಿ, ಬಿಳಿ ಎಳ್ಳನ್ನು ಉದುರಿಸಿ, ಬೆರಳ ತುದಿಯಿಂದ ಮೆಲ್ಲಗೆ ಅದುಮಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಮಗ್ಗುಲಿಗೆ ಆನಿಸಿ ನಿಲ್ಲಿಸಿದರೆ, ತೇವವೆಲ್ಲ ಆರಿ ಅದು ಕಟಕ ರೊಟ್ಟಿಯಾಗುತ್ತದೆ, ಮುರಿದರೆ ಸದ್ದಾಗಬೇಕು. ಈ ಸಜ್ಜೆ ಪಶ್ಚಿಮ ಆಫ್ರಿಕೆಯ ಬೆಳೆ. ಅಲ್ಲಿನ ಮಾಲಿ ದೇಶದ ನೆಲದಲ್ಲಿ ಸುಮಾರು 4,500 ವರ್ಷಗಳ ಹಿಂದಿನ ಸಜ್ಜೆಯ ಕುರುಹುಗಳು ದೊರೆತಿವೆ. ನಮ್ಮ ಎರೆಭೂಮಿಯ ಪ್ರಾಣವೆಂದು ನಾವು ಹೆಮ್ಮೆಪಡುವ ಜೋಳವೂ ಸುಡಾನಿನ ಕಡೆಯಿಂದಲೇ ಬಂದುದು. ಗುರೆಳ್ಳ ಹಿಂಡಿಯ ಗುರೆಳ್ಳಿನ ತವರು ಇಥಿಯೋಪಿಯಾ. ಅಲ್ಲಿಯ ಜನ ಇಂದಿಗೂ ಅದೇ ಕಾಳಿನಿಂದ ಅಡುಗೆಯೆಣ್ಣೆ ತೆಗೆಯುತ್ತಾರೆ. ಶೇಂಗಾ ಹೋಳಿಗೆಯ ಶೇಂಗಾ ದಕ್ಷಿಣ ಅಮೆರಿಕದ್ದು; ಕೆಂಪು ಹಿಂಡಿಯ ಮೆಣಸಿನಕಾಯಿ ಮೆಕ್ಸಿಕೋದ ಕಡೆಯದು, 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ತುಗೀಸರ ಹಡಗುಗಳ ಮೂಲಕ ನಮ್ಮ ತೀರಕ್ಕೆ ಬಂದು, ಘಟ್ಟವೇರಿ ಒಳನಾಡನ್ನು ವ್ಯಾಪಿಸಿದ್ದು. ಎಳ್ಳೂ ಬದನೆಯೂ ನಮ್ಮವೇ. ಇಷ್ಟೆಲ್ಲ ಖಂಡಗಳು ಒಂದು ಬಿಳಿ ಅರಿವೆಯ ಗಂಟಿನಲ್ಲಿ ಜಗಳವಿಲ್ಲದೆ ಕೂಡಿರುವುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ವಿಸ್ಮಯದಿಂದ ತುಂಬುತ್ತದೆ.

ಹೀಗೆ ಲೋಕವನ್ನೇ ಒಳಗೊಂಡ ಬುತ್ತಿಗೆ ತನ್ನದೇ ಆದ ಶಾಸ್ತ್ರವುಂಟು: ಒಣಗಿದ್ದು, ಹುರಿದದ್ದು, ಹುಳಿಯಾದದ್ದು ಬಾಳುತ್ತದೆ, ಬಿಸಿಯಾಗಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದ್ದು ತನ್ನ ಉಗಿಯಲ್ಲೇ ಬೆವರಿ ಹಳಸುತ್ತದೆ. ಪರದೇಶದ ಅಡುಗೆಯನ್ನು ಆರಿಸುವಾಗಲೂ ಇದೇ ಒರೆಗಲ್ಲು ಸಾಕು. ಜಪಾನಿನವರು ಅನ್ನದ ಉಂಡೆಯೊಳಗೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣನ್ನು ಹುದುಗಿಸಿ ಒಯ್ಯುವುದೂ, ನಮ್ಮವರು ಮೊಸರು ಬಾನದ ಜೊತೆಗೆ ನಿಂಬೆಯ ಉಪ್ಪಿನಕಾಯಿ ಕಟ್ಟುವುದೂ ಒಂದೇ ವಿವೇಕದ ಎರಡು ರೂಪಗಳು. ಮೆಕ್ಸಿಕೋದವರು ಗೋವಿನಜೋಳದ ರೊಟ್ಟಿಯಲ್ಲಿ ಪಲ್ಲೆ ಸುತ್ತಿ ತಿನ್ನುವಂತೆ, ಮೆತ್ತನೆಯ ಜೋಳದ ರೊಟ್ಟಿಯಲ್ಲಿ ಗಟ್ಟಿ ಝುಣಕವನ್ನು ಸುತ್ತಿ ಕೊಟ್ಟರೆ ತಟ್ಟೆಯ ಹಂಗೇ ಇಲ್ಲ. ಅರಬರ ನಾಡಿನಲ್ಲಿ ಬೆಂದ ಕಾಬೂಲಿ ಕಡಲೆಯನ್ನು ಎಳ್ಳಿನೊಡನೆ ಅರೆದು, ನಿಂಬೆರಸ ಹಿಂಡಿ ಮಾಡುವ ಹಮ್ಮಸ್, ಕಟಕ ರೊಟ್ಟಿಯ ಚೂರಿನಿಂದ ಬಳಿದು ತಿನ್ನಲು ಬಲು ಸೊಗಸು; ಬೆಂದ ಕಾಳಾದ್ದರಿಂದ ಅದನ್ನು ತಣ್ಣಗಿಟ್ಟು ಒಯ್ದು, ಮೊದಲ ಪಂಕ್ತಿಯಲ್ಲೇ ಮುಗಿಸಬೇಕು. ಕೆನೆ ಹಾಕಿದ ಪಾಸ್ತಾವನ್ನಂತೂ ಮನೆಯಲ್ಲೇ ಉಣ್ಣುವುದು ಲೇಸು.

ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ, ಬದುವಿನ ಆಚೆಯ ಹೊಲದವರು “ಬರ್ರಿ, ಒಂದ್ ತುತ್ತು ಉಂಡ್ ಹೋಗ್ರಿ” ಎಂದು ಕರೆದಾಗ, ನಮ್ಮ ಉಂಡ ಕೈಯನ್ನು ತೋರಿಸಿದರೂ ಬಿಡದೆ, ಅಂಗೈಯ ಮೇಲೆ ರೊಟ್ಟಿಯಿಟ್ಟು, ಅದರ ಮೇಲೆ ಎಣ್ಣಿಗಾಯಿಯನ್ನೂ, ಪಕ್ಕಕ್ಕೆ ಒಂದು ಚಿಟಿಕೆ ಗುರೆಳ್ಳ ಹಿಂಡಿಯನ್ನೂ ಇಡುತ್ತಾರೆ, ನಿಂತೇ ತಿನ್ನಬೇಕಾಗುತ್ತದೆ.