ಬಟ್ಟಬಯಲಿಗೆ ಬೇಲಿ ಬಂದ ಬಗೆ

ಅಮೆರಿಕದ ನಡುಭಾಗದ ಹುಲ್ಲುಗಾವಲಿನಲ್ಲಿ ನೆಲಕ್ಕೆ ಬರವಿರಲಿಲ್ಲ, ಮರಕ್ಕೆ ಬರವಿತ್ತು. ಪೂರ್ವದ ರಾಜ್ಯಗಳಲ್ಲಿ ಕಾಡು ಕಡಿದು ಹೊಲ ಮಾಡಿದವರಿಗೆ ಬೇಲಿಯ ಮರ ಅಲ್ಲೇ ಸಿಗುತ್ತಿತ್ತು. ಪಶ್ಚಿಮಕ್ಕೆ ವಲಸೆ ಹೋದವರಿಗೆ ಆ ಅನುಕೂಲ ಇರಲಿಲ್ಲ. ಇಲಿನಾಯ್‌ನ ಕಮ್ಮಾರ ಜಾನ್ ಡಿಯರ್ 1837ರಲ್ಲಿ ಮಾಡಿದ ಉಕ್ಕಿನ ನೇಗಿಲು ಅಲ್ಲಿನ ಅಂಟುಮಣ್ಣನ್ನು ಸಲೀಸಾಗಿ ಸೀಳಿತು. ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ಕೊಡುವ ಹೋಮ್‌ಸ್ಟೆಡ್ ಕಾಯ್ದೆ 1862ರಲ್ಲಿ ಬಂತು. ನೇಗಿಲೂ ಇತ್ತು, ನೆಲವೂ ಇತ್ತು. ಬೆಳೆಯನ್ನು ದನಗಳಿಂದ ಕಾಯುವ ಉಪಾಯ ಮಾತ್ರ ಇರಲಿಲ್ಲ.

ರೈತರು ಓಸೇಜ್ ಆರೆಂಜ್ ಎಂಬ ಮುಳ್ಳುಮರದ ಸಸಿಗಳನ್ನು ಒತ್ತಾಗಿ ನೆಟ್ಟರು. ಅದು ಒಳ್ಳೆಯ ಬೇಲಿಯೇ, ಆದರೆ ಬೆಳೆದು ನಿಲ್ಲಲು ವರ್ಷಗಳು ಬೇಕು. ಬರೀ ತಂತಿ ಕಟ್ಟಿದರೆ ದನಗಳು ಮೈಯೊತ್ತಿ ಕೆಡವುತ್ತಿದ್ದವು. ಅದು ಬಿಸಿಲಿಗೆ ಜೋಲುತ್ತಿತ್ತು, ಚಳಿಗೆ ತುಂಡಾಗುತ್ತಿತ್ತು.

1873ರಲ್ಲಿ ಇಲಿನಾಯ್‌ನ ಡಿಕಾಲ್ಬ್ ಕೃಷಿಮೇಳದಲ್ಲಿ ಹೆನ್ರಿ ರೋಸ್ ಎಂಬ ರೈತ, ಚೂಪು ತಂತಿ ಚುಚ್ಚಿದ ಮರದ ಪಟ್ಟಿಯೊಂದನ್ನು ಪ್ರದರ್ಶನಕ್ಕಿಟ್ಟ. ತಂತಿಬೇಲಿಗೆ ಅದನ್ನು ತೂಗುಹಾಕಿದರೆ ದನ ಹತ್ತಿರ ಬರುವುದಿಲ್ಲ ಎಂಬುದು ಅವನ ಯೋಚನೆ. ಅದನ್ನು ನೋಡಿದ ಡಿಕಾಲ್ಬ್‌ನ ರೈತ ಜೋಸೆಫ್ ಗ್ಲಿಡನ್ ಮುಳ್ಳನ್ನು ತಂತಿಗೇ ಕೂರಿಸಲು ಹೊರಟ. ಮನೆಯ ಕಾಫಿಬೀಜ ಪುಡಿಮಾಡುವ ಯಂತ್ರವನ್ನೇ ಮಾರ್ಪಡಿಸಿ ತಂತಿಯ ತುಣುಕುಗಳನ್ನು ಮುಳ್ಳಾಗಿ ಬಗ್ಗಿಸಿದ. ಆ ಮುಳ್ಳುಗಳು ಜಾರದಂತೆ ಇನ್ನೊಂದು ತಂತಿಯನ್ನು ಜೊತೆಗೆ ಹೊಸೆದ. ಈ ಎರಡನೆಯ ಎಳೆಯಲ್ಲೇ ಅವನ ಜಾಣ್ಮೆ ಇತ್ತು. 1874ರ ನವೆಂಬರ್ 24ರಂದು ಪೇಟೆಂಟ್ ಸಿಕ್ಕಿತು. ಪೈಪೋಟಿಗೆ ಬಿದ್ದವರ ವ್ಯಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿ ಗ್ಲಿಡನ್ ಪರವಾಗಿ ಮುಗಿದದ್ದು 1892ರಲ್ಲಿ.

ಅಷ್ಟರಲ್ಲಿ ಬಯಲು ಬದಲಾಗಿತ್ತು. 1880ರ ಹೊತ್ತಿಗೆ ವರ್ಷಕ್ಕೆ 8 ಕೋಟಿ ಪೌಂಡ್‌ನಷ್ಟು ಮುಳ್ಳುತಂತಿ ತಯಾರಾಗುತ್ತಿತ್ತು. ಗೋಧಿ, ಮೆಕ್ಕೆಜೋಳದ ಹೊಲಗಳು ದನಗಳ ಹಾವಳಿಯಿಂದ ಉಳಿದವು. ಗೂಳಿಗಳನ್ನು ಬೇರ್ಪಡಿಸಿ ತಳಿ ಸುಧಾರಿಸುವುದು ಸಾಧ್ಯವಾಯಿತು. ಆದರೆ ದೊಡ್ಡ ಹಿಂಡುಗಳ ಒಡೆಯರಲ್ಲಿ ಹಲವರು ಸರ್ಕಾರಿ ಹುಲ್ಲುಗಾವಲಿಗೂ ನೀರಿನ ತಾಣಗಳಿಗೂ ಬೇಲಿ ಬಿಗಿದರು. 1883ರಲ್ಲಿ ಟೆಕ್ಸಾಸ್‌ನಲ್ಲಿ ರಾತ್ರೋರಾತ್ರಿ ಬೇಲಿ ಕತ್ತರಿಸುವ ಕಾಳಗವೇ ಶುರುವಾಯಿತು. ಮರುವರ್ಷ ಅದು ಘೋರ ಅಪರಾಧವೆಂಬ ಕಾನೂನು ಬಂತು. 1886ರ ಜನವರಿಯ ಹಿಮಗಾಳಿಗೆ ಬೆನ್ನುಕೊಟ್ಟು ದಕ್ಷಿಣಕ್ಕೆ ಸರಿದ ದನಗಳು ಬೇಲಿಗಳ ಬುಡದಲ್ಲೇ ರಾಶಿರಾಶಿಯಾಗಿ ಸತ್ತವು.

ಇದೆಲ್ಲಕ್ಕಿಂತ ದೊಡ್ಡ ನಷ್ಟ ಲಕೋಟಾ, ಷಯನ್, ಕಮಾಂಚಿಯಂಥ ಮೂಲನಿವಾಸಿಗಳದು. ಅವರ ಬದುಕಿಗೆ ಆಧಾರವಾಗಿದ್ದ ಕಾಡೆಮ್ಮೆಗಳನ್ನು ಬೇಟೆಗಾರರು ಹೆಚ್ಚುಕಡಿಮೆ ನಿರ್ನಾಮ ಮಾಡಿದ್ದರು. 1887ರ ಡಾಸ್ ಕಾಯ್ದೆ ಸಮುದಾಯದ ನೆಲವನ್ನು ತುಂಡುತುಂಡಾಗಿ ಹಂಚಿ, 'ಮಿಕ್ಕಿದ್ದನ್ನು' ವಲಸಿಗರಿಗೆ ತೆರೆಯಿತು. ಮೂಲನಿವಾಸಿಗಳ ಕೈಯಲ್ಲಿದ್ದ ಸುಮಾರು 13.8 ಕೋಟಿ ಎಕರೆ 1934ರ ಹೊತ್ತಿಗೆ 4.8 ಕೋಟಿಗೆ ಇಳಿದಿತ್ತು.

ಗ್ಲಿಡನ್ ಬಿಡಿಸಿದ್ದು ರೈತನ ನಿಜವಾದ ಕಷ್ಟವನ್ನೇ. ಆ ಜಾಣ್ಮೆಗೆ ಗೌರವ ಸಲ್ಲಲೇಬೇಕು. ಆದರೆ ಬೆಳೆ ಕಾಯ್ದ ಅದೇ ಬೇಲಿ, ನೆಲ ಯಾರದೆಂಬ ಪ್ರಶ್ನೆ ಇತ್ಯರ್ಥವಾಗಿಬಿಟ್ಟಿದೆ ಎಂಬ ಭ್ರಮೆಯನ್ನೂ ಹುಟ್ಟಿಸಿತು. ಅಮೆರಿಕದ ಕೃಷಿಯ ಏಳಿಗೆಯನ್ನು ಕೊಂಡಾಡುವವರು ಬೆಳೆದ ಗೋಧಿಯ ಜೊತೆಗೆ ಕೈತಪ್ಪಿದ ಆ 9 ಕೋಟಿ ಎಕರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.