ಗುಳಿಗಿ ಅಂದ್ರೆ ಭಯ ಯಾಕೆ?

ನೋಡಿ ವೀಕ್ಷಕರೇ, ಹಾವೇರಿ ಜಿಲ್ಲೆಯ ಬಂಕಾಪುರ ಅಂದ್ರೆ ಕೋಟೆ, ಕೋಟೆಯೊಳಗಿನ ನವಿಲುಗಳು ನೆನಪಾಗ್ತವೆ. ಆದ್ರೆ ಇವತ್ತಿನ ವಿಷಯ ಅಲ್ಲಿನ ಮನೆಗಳ ಒಳಗಿನದು. ಬಂಕಾಪುರ ಇರಲಿ, ಹಾನಗಲ್, ಸವಣೂರು ಇರಲಿ, ಆಶಾ ಕಾರ್ಯಕರ್ತೆ ಕೊಡುವ ಮಾಲಾ-ಎನ್ ಗುಳಿಗೆ ಎಷ್ಟೋ ಮನೆಗಳಲ್ಲಿ ಹಾಗೇ ಉಳಿಯುತ್ತೆ. ಯಾಕೆ? "ಗುಳಿಗಿ ಹೊಟ್ಟ್ಯಾಗ ಗಂಟು ಕಟ್ಟತಾವ", "ಮುಂದ ಮಕ್ಕಳಾಗಂಗಿಲ್ಲ", "ಕ್ಯಾನ್ಸರ್ ಬರತೈತಿ".

ಈ ಭಯ ಪೂರ್ತಿ ಮೂಢನಂಬಿಕೆಯಾ? ಅಲ್ಲ. 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಗುಳಿಗೆಯಲ್ಲಿ ಹಾರ್ಮೋನ್ ಪ್ರಮಾಣ ಈಗಿನದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಹೆಣ್ಣುಮಕ್ಕಳು ಪ್ರಶ್ನೆ ಮಾಡಿದರು. 1970ರಲ್ಲಿ ಅಲ್ಲಿನ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಪೊಟ್ಟಣದ ಜೊತೆ ಎಚ್ಚರಿಕೆ ಚೀಟಿ ಕೊಡೋದು ಶುರುವಾಗಿದ್ದು ಅದರ ನಂತರವೇ.

ಹಾಗಾದ್ರೆ ಇವತ್ತಿನ ಸತ್ಯ ಏನು? ಗುಳಿಗೆ ಹೊಟ್ಟೆಯಲ್ಲಿ ಗಂಟು ಕಟ್ಟಲ್ಲ, ಕರಗಿ ಹೋಗುತ್ತೆ. ದೇಹದಲ್ಲಿ ಉಳಿಯೋದಿಲ್ಲ ಅಂತಲೇ ಅದನ್ನ ದಿನಾ ನುಂಗಬೇಕು! ಬಿಟ್ಟ ಮೇಲೆ ಗರ್ಭ ನಿಲ್ಲುತ್ತೆ. ವಾಕರಿಕೆ, ತಲೆನೋವು, ನಡುನಡುವೆ ರಕ್ತ ಕಾಣಿಸೋದು ನಿಜ. ಸಾಮಾನ್ಯವಾಗಿ ಎರಡು-ಮೂರು ತಿಂಗಳಲ್ಲಿ ಕಡಿಮೆಯಾಗುತ್ತೆ. ಕ್ಯಾನ್ಸರ್ ಲೆಕ್ಕ ಎರಡೂ ಕಡೆ ಇದೆ: ಅಂಡಾಶಯ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಇಳಿಯುತ್ತೆ, ಸ್ತನ ಕ್ಯಾನ್ಸರ್ ಅಪಾಯ ನುಂಗುವಾಗ ಸ್ವಲ್ಪ ಏರುತ್ತೆ, ಬಿಟ್ಟ ಮೇಲೆ ಕ್ರಮೇಣ ಇಳಿಯುತ್ತೆ.

ರಕ್ತ ಹೆಪ್ಪುಗಟ್ಟೋ ಅಪಾಯ? ವರ್ಷಕ್ಕೆ 10,000 ಹೆಂಗಸರಲ್ಲಿ ಗುಳಿಗೆ ನುಂಗದ, ಗರ್ಭಿಣಿಯೂ ಅಲ್ಲದವರಲ್ಲಿ 1ರಿಂದ 5 ಮಂದಿಗೆ, ನುಂಗುವವರಲ್ಲಿ 3ರಿಂದ 9 ಮಂದಿಗೆ. ಗರ್ಭಿಣಿಯರಲ್ಲಿ? 5ರಿಂದ 20. ಬಾಣಂತನದ ಮೊದಲ ವಾರಗಳಲ್ಲಿ ಇನ್ನೂ ಹೆಚ್ಚು. ಗುಳಿಗೆಗೆ ಹೆದರುವ ನಾವು ಬೇಡದ ಬಸಿರಿನ ಅಪಾಯವನ್ನ ಲೆಕ್ಕಕ್ಕೇ ತಗೊಳ್ಳಲ್ಲ.

ಹಾಗಂತ ಎಲ್ಲರಿಗೂ ಇದು ಸರಿಹೋಗಲ್ಲ. ಬಿಪಿ ಇರೋರು, ಹೃದ್ರೋಗ, ಪಾರ್ಶ್ವವಾಯು ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರೋರು, ಕಣ್ಣಮುಂದೆ ಮಿಂಚು ಕಾಣುವ ಮೈಗ್ರೇನ್ ಇರೋರು, 35 ದಾಟಿದ ಧೂಮಪಾನಿಗಳು ಮಾಲಾ-ಎನ್ ತಗೊಳ್ಳಬಾರದು. ಆರು ತಿಂಗಳೊಳಗಿನ ಕೂಸಿಗೆ ಹಾಲುಣಿಸುವವರಿಗೂ ಇದು ಸೂಕ್ತವಲ್ಲ. ಅಂಥ ತಾಯಂದಿರಿಗೆ 'ಛಾಯಾ' ಇದೆ. ಲಕ್ನೋದ ಸಿಡಿಆರ್‌ಐ ಸಂಸ್ಥೆ ಕಂಡುಹಿಡಿದ, ಹಾರ್ಮೋನ್ ಇಲ್ಲದ ಗುಳಿಗೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಯಾವ ಗುಳಿಗೆಯಾದ್ರೂ ಡಾಕ್ಟರ್ ಅಥವಾ ನರ್ಸ್ ಹತ್ರ ಕೇಳಿಯೇ ಶುರು ಮಾಡಿ. ಮಾಲಾ-ಎನ್ ನುಂಗುವಾಗ ಒಂದು ಕಾಲು ಊದಿ ನೋವು ಬಂದ್ರೆ, ಎದೆನೋವು, ಉಸಿರಾಟದ ತೊಂದರೆ ಕಂಡ್ರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಈ ಭಯದ ಬೆಲೆ ಕೊಡೋದು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಆಪರೇಷನ್? ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಗು ಬೇಡ ಅನ್ನೋದಲ್ಲ, ಸ್ವಲ್ಪ ತಡವಾಗಿ ಸಾಕು ಅನ್ನೋ ಹೆಣ್ಣುಮಗಳಿಗೆ ಆಪರೇಷನ್ ಉತ್ತರ ಅಲ್ಲ. ಅವಳ ಕೈಗೆ ಬರೀ ಗುಳಿಗೆ ಪಟ್ಟಿ ಕೊಟ್ಟು ಕಳಿಸಬೇಡಿ. ಬಿಪಿ ನೋಡಿ, ಕೂರಿಸಿ ಮಾತಾಡಿಸಿ. ಅವಳ ಭಯಕ್ಕೆ ನಗಬೇಡಿ, ಉತ್ತರ ಕೊಡಿ.