ಕಟ್ಟೆ ತುಂಬಿದೆ, ಕೊನೆ ಭಾಗ ಒಣಗಿದೆ: ‘ಏಜ್ ಆಫ್ ಎಂಪೈರ್ಸ್’ನಲ್ಲಿ ನಾವು ಸೋಲೋದು ಹೀಗೆ

ಮಂಡ್ಯ ಕಡೆಯ ಹುಡುಗನೊಬ್ಬ ಕಂಪ್ಯೂಟರ್ ಮುಂದೆ ಕೂತು ‘ಏಜ್ ಆಫ್ ಎಂಪೈರ್ಸ್ 2’ ಆಡ್ತಿದ್ದರೆ ಮನೆಯಲ್ಲಿ ಬರುವ ಮೊದಲ ಪ್ರಶ್ನೆ, “ಇದೂವೆ ರಮ್ಮಿ ತರದ್ದೇನ್ಲಾ?” ಹಾಗೆ ಕೇಳೋದರಲ್ಲಿ ತಪ್ಪಿಲ್ಲ. ಆನ್‌ಲೈನ್ ಜೂಜಿನಲ್ಲಿ ದುಡ್ಡು ಕಳೆದುಕೊಂಡವರನ್ನ ನಾವೆಲ್ಲ ನೋಡಿದ್ದೀವಿ. ಆದರೆ ಈ ಆಟದಲ್ಲಿ ಒಬ್ಬ ಹೇಗೆ ಸುಧಾರಿಸ್ತಾನೆ ಅಂತ ನೋಡಿದರೆ ವ್ಯತ್ಯಾಸ ತಿಳಿಯುತ್ತೆ.

ಇದು ರಿಯಲ್ ಟೈಮ್ ಸ್ಟ್ರಾಟಜಿ ಆಟ. ಚೆಸ್‌ನಂತೆ ಸರದಿ ಇಲ್ಲ, ನೀವು ಯೋಚಿಸುವಾಗ ಎದುರಾಳಿ ಸುಮ್ಮನೆ ಕೂತಿರಲ್ಲ. ಸಾಮಾನ್ಯವಾಗಿ 3 ಕೆಲಸದಾಳುಗಳಿಂದ ಶುರು. ಅವರು ಆಹಾರ, ಮರ, ಚಿನ್ನ, ಕಲ್ಲು ಕೂಡಿಸಬೇಕು, ಅದರಿಂದ ಊರು ಮತ್ತು ಸೈನ್ಯ ಬೆಳೆಯಬೇಕು. ಗೆಲ್ಲೋಕೆ ಬೆರಳು ಮಿಂಚಿನಂತೆ ಓಡಬೇಕು ಅಂತ ಹೊಸಬರು ನಂಬಿರ್ತಾರೆ. ಎಂಜಿನಿಯರಿಂಗ್ ಓದುವಾಗ ನಾನೂ ಹಾಗೇ ನಂಬಿ ಕೀಬೋರ್ಡ್ ಸವೆಸಿದೆ, ಸೋತೆ.

ಯಾಕೆ ಸೋತೆ ಅನ್ನೋದು ಕನ್ನಂಬಾಡಿ ಕಂಡವರಿಗೆ ಬೇಗ ಅರ್ಥವಾಗುತ್ತೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಕಟ್ಟೆ ತುಂಬಿ ಬಾಗಿನ ಬಿಟ್ಟ ಮೇಲೂ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ರೈತರು ‘ನಮಗೆ ನೀರು ಬಂದಿಲ್ಲ’ ಅಂತ ಬೀದಿಗಿಳಿದದ್ದುಂಟು. ಕಟ್ಟೆಯಲ್ಲಿ ನೀರಿರೋದು ಬೇರೆ, ಗದ್ದೆಗೆ ಹರಿಯೋದು ಬೇರೆ. ಆಟದಲ್ಲೂ ಅಷ್ಟೇ. ಪರದೆಯ ಮೂಲೆಯಲ್ಲಿ 1,000 ಮರ ಬಿದ್ದಿದ್ದರೆ ನೀವು ಸಾಹುಕಾರರಲ್ಲ, ತೂಬು ಎತ್ತೋದನ್ನ ಮರೆತವರು.

ಲೆಕ್ಕ ನೋಡಿ. ಒಬ್ಬ ಆಳಿಗೆ 50 ಆಹಾರ, ಆಟದ ಗಡಿಯಾರದಲ್ಲಿ 25 ಸೆಕೆಂಡು. ಆಳು ತಯಾರಾಗುವ ಟೌನ್ ಸೆಂಟರ್ ಒಟ್ಟು 100 ಸೆಕೆಂಡು ಖಾಲಿ ನಿಂತರೆ 4 ಆಳು ಖೋತಾ. ಅವರು ಕೊನೇವರೆಗೂ ಕೂಡಿಸಬೇಕಿದ್ದದ್ದೂ ಹೋಯ್ತು. ಅದು ನಿಲ್ಲೋದು ಬಹಳ ಸಲ ಸಣ್ಣ ಕಾರಣಕ್ಕೆ: 5 ಜನಕ್ಕೆ ಜಾಗ ಕೊಡುವ, 25 ಮರದ ಒಂದು ಮನೆ ಕಟ್ಟಿರಲ್ಲ.

ಹಾಗಾಗಿ ಎರಡು ವಾರ ಸೋಲು ಗೆಲುವು ಮರೆತು, ಟೌನ್ ಸೆಂಟರ್ ನಿಲ್ಲದಂತೆ ನೋಡಿಕೊಳ್ಳೋದನ್ನಷ್ಟೇ ಅಭ್ಯಾಸ ಮಾಡಿ. ಆಮೇಲೆ ಬೇಹುಗಾರಿಕೆ. ಎದುರಾಳಿ ಬಿಲ್ಲುಗಾರರ ಶಾಲೆ ಕಟ್ಟಿದ್ದು ಕಂಡರೆ ನಿಮ್ಮ ಕಡೆ ಈಟಿ ಎಸೆಯುವವರು ತಯಾರಾಗಬೇಕು. ಸೋತ ಆಟದ ರೀಪ್ಲೇಯನ್ನ ಮೊದಲಿಂದ ನೋಡಿ (ಬೇಜಾರಿನ ಕೆಲಸ, ಗೊತ್ತು). ನೀವು ಯುದ್ಧದಲ್ಲಿ ಸೋತಿರಲ್ಲ, ಅದಕ್ಕೂ ಹತ್ತು ನಿಮಿಷ ಮೊದಲೇ ಸೋತಿರ್ತೀರಿ.

ಇನ್ನು ಮನೆಯವರ ಪ್ರಶ್ನೆ. ಆನ್‌ಲೈನ್ ಜೂಜು ತಡೆಯೋಕೆ ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಆಗ ಚರ್ಚೆ ಇದ್ದದ್ದು ಕೌಶಲವೋ ಅದೃಷ್ಟವೋ ಅಂತ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಆ ಗೆರೆಯನ್ನೇ ಅಳಿಸಿತು. ಹಣ ಕಟ್ಟಿ ಹಣ ಗೆಲ್ಲುವ ಆಟ, ಕೌಶಲದ್ದಾದರೂ ನಿಷಿದ್ಧ. ಇ-ಸ್ಪೋರ್ಟ್ಸ್‌ಗೆ ಮಾತ್ರ ಮಾನ್ಯತೆ. ಪ್ರವೇಶ ಶುಲ್ಕ, ಬಹುಮಾನ ಇರಬಹುದು, ಬಾಜಿ ಇರುವಂತಿಲ್ಲ.

ಮಾನ್ಯತೆಯೇನೋ ದೆಹಲಿಯಲ್ಲಿ ತುಂಬಿದೆ. ಆದರೆ ಈ ಆಟ ಪೈಪೋಟಿಯಲ್ಲಿ ಆಡೋಕೆ ಮೌಸ್, ಕೀಬೋರ್ಡ್ ಇರುವ ಕಂಪ್ಯೂಟರ್ ಬೇಕು, ಮಳವಳ್ಳಿ ಹುಡುಗನ ಕೈಲಿರೋದು ಫೋನು. ತಾಲ್ಲೂಕು ಕಾಲೇಜಿನ ಲ್ಯಾಬನ್ನ ಸಂಜೆ ಎರಡು ಗಂಟೆ ತೆರೆದಿಡಿ ಅಂತ ಶಾಸಕರನ್ನ ಕೇಳೋಕೆ ಯಾವ ಕಾಯ್ದೆಯೂ ಅಡ್ಡಿಯಿಲ್ಲ.